ಕಣ್ಣಿಗೆ ಸರಿಯಾಗಿದ್ದ ಪುಸ್ತಕ

ಹೈದರಾಬಾದಿನ ಸನತ್‌ನಗರದ ನಮ್ಮ ಮನೆಗೆ ಎರಡೇ ಕೋಣೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಅದು ಕಣ್ಣಿದ್ದವರ ಲೆಕ್ಕ. ನನಗೆ ಅಲ್ಲಿ ನಾಲ್ಕು ಕೋಣೆಗಳಿದ್ದವು. ಹೊಸ್ತಿಲು ದಾಟಿದ ಕೂಡಲೇ ಚಪ್ಪಲಿ, ಸೈಕಲ್ಲಿನ ಎಣ್ಣೆ, ಒದ್ದೆ ಗೋಣಿತಟ್ಟು ಇವುಗಳ ವಾಸನೆಯದು ಒಂದು. ಅಲ್ಲಿಂದ ಆರು ಹೆಜ್ಜೆಗೆ ಅಪ್ಪನ ಮಂಚ. ಅದರ ಸುತ್ತಲಿನ ಗಾಳಿಯೇ ಬೇರೆ. ಅಪ್ಪ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕ್ಲಾರ್ಕ್ ಆಗಿದ್ದ, ಎಷ್ಟು ಒಗೆದರೂ ಅವನ ಅಂಗಿಯಿಂದ ಕಹಿ ಗುಳಿಗೆಯ ವಾಸನೆ ಹೋಗುತ್ತಿರಲಿಲ್ಲ. ಮೂರನೆಯದು ದೇವರ ಜಗಲಿಯ ಮುಂದಿನ ಜಾಗ, ಅಲ್ಲಿ ಯಾರೂ ಕಾಲು ಚಾಚುವಂತಿರಲಿಲ್ಲ. ಕೊನೆಯದು ಒಲೆಯ ಮುಂದಿನದು, ಅವ್ವನ ರಾಜ್ಯ. ಗೋಡೆಯಾಚೆ ತಗಡು ಒತ್ತುವ ಸಣ್ಣ ಕಾರ್ಖಾನೆಯಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಯಂತ್ರ ಧಡ್ ಧಡ್ ಎಂದು ಬೀಳುತ್ತಿತ್ತು, ಅವ್ವ ರೊಟ್ಟಿ ಬಡಿಯುವ ಸದ್ದು ಅದರ ನಡುವೆ ತೂರಿಕೊಳ್ಳುತ್ತಿತ್ತು. ಯಂತ್ರ ಕೆಟ್ಟು ನಿಂತ ದಿನ ನಮಗೆಲ್ಲ ತಲೆನೋವು ಬರುತ್ತಿತ್ತು.

ನಾನು ಹುಟ್ಟುಕುರುಡಿ. ಕುರುಡು ಮಗು ಎಂದರೆ ಮೂಲೆಯಲ್ಲಿ ಮೆತ್ತಗೆ ಕೂತಿರುತ್ತದೆ ಎಂದುಕೊಂಡು ಬಂದವರು ನನ್ನ ಬಾಯಿಗೆ ಸಿಕ್ಕಿ ಹೈರಾಣಾಗುತ್ತಿದ್ದರು. ನನ್ನ ತಟ್ಟೆಗೆ ಹೇಳದೆ ಕೇಳದೆ ಪಲ್ಯ ಬಡಿಸಿದರೆ ನಾನು ತಟ್ಟೆಯನ್ನೇ ದೂಡುತ್ತಿದ್ದೆ. ಯಾವ ಕಡೆ ಏನು ಬಡಿಸಿದೆ ಎಂದು ಹೇಳಿಯೇ ಬಡಿಸಬೇಕು. ಅದು ನನ್ನ ಕಾನೂನು. ಏಳು ವರ್ಷದವಳಿದ್ದಾಗ ನನ್ನನ್ನು ಊರೊಳಗಿನ ಕುರುಡು ಮಕ್ಕಳ ಹಾಸ್ಟೆಲ್ಲಿಗೆ ಹಾಕಿದ್ದರು. ಅಲ್ಲಿ ರಾಜಯ್ಯ ಮಾಸ್ಟರ್ ಎಂಬವರು ನನ್ನ ಬೆರಳು ಹಿಡಿದು ಬ್ರೈಲ್ ಕಲಿಸಿದರು. ಅವರೂ ಕಣ್ಣಿಲ್ಲದವರೇ, ತೆಲುಗಿನವರು. ನಮ್ಮ ಕಡೆಯ ಭಾಷೆಗಳ ಬ್ರೈಲಿನಲ್ಲಿ ಒಂದು ಸೋಜಿಗವಿದೆ. ಕನ್ನಡದ ಕ, ತೆಲುಗಿನ ಕ, ಹಿಂದಿಯ ಕ ಎಲ್ಲಕ್ಕೂ ಚುಕ್ಕೆ ಒಂದೇ. ಹೊರಗೆ ಲಿಪಿಯ ಮೇಲೆ ಜನ ಎಷ್ಟೇ ಜಗಳವಾಡಲಿ, ನಮ್ಮ ಬೆರಳಿಗೆ ಆ ಜಗಳ ಗೊತ್ತಿಲ್ಲ. ಮೂರು ವರ್ಷ ನಾನು ತೆಲುಗಿನಲ್ಲಿ ಓದಿದೆ. ಆಮೇಲೆ ಕಾಮಾಲೆಯಾಗಿ ಸಾಯುವಂತಾದಾಗ ಅಪ್ಪ ನನ್ನನ್ನು ಎತ್ತಿಕೊಂಡು ಮನೆಗೆ ತಂದ, ಮತ್ತೆ ಕಳಿಸಲಿಲ್ಲ. ಅಕ್ಕ ನಾಗರತ್ನ ಓದುತ್ತಿದ್ದ ಕನ್ನಡ ಶಾಲೆಗೇ ನನ್ನನ್ನೂ ಸೇರಿಸಿದ. ಅವ್ವನಿಗೆ ಅದು ಸರಿಬರಲಿಲ್ಲ. ತೆಲುಗಿನಲ್ಲಾದರೆ ಚುಕ್ಕೆಯ ಪುಸ್ತಕಗಳು ಸಿಗುತ್ತಿದ್ದವು, ಕನ್ನಡದಲ್ಲಿ ಆ ಊರಿನಲ್ಲಿ ಒಂದೂ ಇರಲಿಲ್ಲ.

“ನಿಮ್ಮ ಕನ್ನಡದ ಸೊಕ್ಕಿಗೆ ಹುಡುಗಿ ಬಾಳೇ ಹಾಳಾಗತೈತಿ ನೋಡ್ರಿ,” ಎನ್ನುತ್ತಿದ್ದಳು ಅವ್ವ.

“ಸೊಕ್ಕಲ್ಲ. ಕಣ್ಣ ಮುಂದ ಇರಲಿ ಅಂತ. ನಾಗಿ ಓದಿ ಹೇಳ್ತಾಳ, ಈಕಿ ಕೇಳ್ತಾಳ. ಮತ್ತೇನು ಬೇಕು?” ಎನ್ನುತ್ತಿದ್ದ ಅಪ್ಪ.

ಐದು ವರ್ಷ ಹಾಗೇ ನಡೆಯಿತು. ಅಕ್ಕ ಶೇಂಗಾ ಸುಲಿಯುತ್ತ, ಜೋಳ ಹಸನು ಮಾಡುತ್ತ, ಒಂದು ಕೈಯಲ್ಲಿ ಪುಸ್ತಕ ಹಿಡಿದು ನನಗೆ ಓದುತ್ತಿದ್ದಳು. ಬೇಸರವಾದರೆ ನಡುವೆ ಎರಡು ಪುಟ ಹಾರಿಸುತ್ತಿದ್ದಳು, ನಾನು ಹಿಡಿದುಬಿಡುತ್ತಿದ್ದೆ, ಜಡೆ ಎಳೆದಾಡುತ್ತಿದ್ದೆವು. ನಾನು ಹತ್ತನೇ ಇಯತ್ತೆಗೆ ಬಂದ ಬೇಸಿಗೆಯಲ್ಲಿ ಅಕ್ಕನಿಗೆ ಸೊಲ್ಲಾಪುರದ ಕಡೆ ಮದುವೆಯಾಯಿತು. ಎಲ್ಲರೂ ಅವಳು ಹೋದಳೆಂದು ಅತ್ತರು. ನಾನು ನನ್ನ ಪುಸ್ತಕಗಳೆಲ್ಲ ಹೋದವೆಂದು ಅತ್ತೆ. ಅವ್ವನಿಗೆ ಅಕ್ಷರ ಬಾರದು. ಅಪ್ಪ ಬೆಳಕು ಹರಿಯುವ ಮುಂಚೆ ಬಸ್ಸು ಹತ್ತುವವನು, ದೀಪ ಹಚ್ಚಿದ ಮೇಲೆ ಬರುವವನು, ಬಂದು ನಾಲ್ಕು ಸಾಲು ಓದುವಷ್ಟರಲ್ಲಿ ಪುಸ್ತಕ ಅವನ ಎದೆಯ ಮೇಲೆ ಬಿದ್ದಿರುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನ ಪೂರ್ತಿ ಹೋಯಿತು. ಹೆಡ್‌ಮಾಸ್ಟರು ಅಪ್ಪನನ್ನು ಕರೆಸಿದರು.

“ಒಂದೇ ಹುಡುಗಿಗೆ ಓದಿ ಹೇಳಾಕ ನಾ ಒಬ್ಬ ಟೀಚರ್‌ನ ಇಡಾಕ ಆಗಂಗಿಲ್ರಿ. ಹೆಸರು ಕಳಿಸ್ತೀನಿ, ಪರೀಕ್ಷೆ ಬರೀಲಿ. ಫೇಲ್ ಆದ್ರ ಮಾತ್ರ ಮತ್ತ ಇಲ್ಲಿ ಕೂಡಿಸಿಕೊಳ್ಳಂಗಿಲ್ಲ. ಈಗ ಹೇಳೀನಿ.”

ಇಲ್ಲಿ ಕೂಡಿಸಿಕೊಳ್ಳದಿದ್ದರೆ ನಾನು ಎಲ್ಲಿ ಕೂಡಬೇಕು ಎಂಬುದು ಆಗಲೇ ತೀರ್ಮಾನವಾಗಿತ್ತು. ಸುರಪುರದ ಅತ್ತೆ, ಅಪ್ಪನ ಅಕ್ಕ, ಪ್ರತಿ ಸಲ ಬಂದಾಗಲೂ ನನ್ನ ಕೈ ಹಿಡಿದು ನೋಡುತ್ತಿದ್ದಳು. ಅವಳ ಮನೆಯಲ್ಲಿ ಹುಣಸೆಹಣ್ಣಿನ ವ್ಯಾಪಾರ. ಬೀಜ ಬಿಡಿಸಲು ಕಣ್ಣು ಬೇಕಿಲ್ಲ, ಬೆರಳು ಚುರುಕಿದ್ದರೆ ಸಾಕು, ಹೊಟ್ಟೆ ಬಟ್ಟೆಗೆ ಕೊರತೆ ಮಾಡುವುದಿಲ್ಲ ಎನ್ನುತ್ತಿದ್ದಳು. ಕೆಟ್ಟವಳಲ್ಲ. ಆದರೆ ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುವಾಗ ನಾನು ಕೈ ಎಳೆದುಕೊಳ್ಳುತ್ತಿದ್ದೆ. ಇಡೀ ಆಯುಷ್ಯ ಹುಣಸೆಯ ರಾಶಿಯ ಮುಂದೆ ಕೂರುವುದಕ್ಕಿಂತ ಸಾಯುವುದು ಮೇಲು ಎಂದು ನಾನು ಹದಿನೈದನೇ ವಯಸ್ಸಿಗೇ ಖಂಡಿತ ಮಾಡಿಕೊಂಡಿದ್ದೆ.

ಆಗ ಹೈದರಾಬಾದಿನಲ್ಲಿ ಕಂಪ್ಯೂಟರಿನ ಜ್ವರ ಬಂದಿತ್ತು. ನಮ್ಮ ಸಾಲಿನ ಮನೆಗಳಲ್ಲಿ ಒಬ್ಬರಿಗಾದರೂ ಯಾವುದೋ ಕೋರ್ಸು ಶುರುವಾಗಿತ್ತು. ಗೋಡೆಗಳ ಮೇಲೆಲ್ಲ ಅದರದೇ ಚೀಟಿಗಳಂತೆ, ಬಸ್ಸಿನಲ್ಲಿ ಅದರದೇ ಮಾತು. ಅಪ್ಪನ ಸ್ಟೋರಿಗೂ ಒಂದು ಕಂಪ್ಯೂಟರ್ ಬಂತು. ಅಪ್ಪ ಎರಡು ಬೆರಳಿನಲ್ಲಿ ಒತ್ತುವುದನ್ನು ಕಲಿತ. ಅದರಲ್ಲಿ ಕನ್ನಡವೂ ಬರುತ್ತದೆ ಎಂದು ತಿಳಿದ ದಿನ ಅವನು ಬಾಗಿಲಲ್ಲೇ ಕೂಗುತ್ತ ಬಂದ. ಅದೇ ವಾರ ಹಾಸ್ಟೆಲ್ಲಿಗೆ ಹೋಗಿ ವಿಚಾರಿಸಿಯೂ ಬಂದಿದ್ದ. ಅಲ್ಲಿ ಹೊಸ ಯಂತ್ರ ಬಂದಿದೆ, ಕಂಪ್ಯೂಟರಿನಲ್ಲಿ ಬರೆದದ್ದನ್ನು ಫ್ಲಾಪಿಯಲ್ಲಿ ತಂದುಕೊಟ್ಟರೆ ದಪ್ಪ ಕಾಗದದ ಮೇಲೆ ಚುಕ್ಕೆ ಒತ್ತಿ ಕೊಡುತ್ತದೆ ಎಂದು ಅವನಿಗೆ ಹೇಳಿದ್ದರು.

“ಮಾದೇವಿ, ಕೇಳಿಲ್ಲಿ. ಇಡೀ ಸಮಾಜ ವಿಜ್ಞಾನದ ಪುಸ್ತಕ ನಾ ಟೈಪ್ ಮಾಡ್ತೀನಿ. ಐತಾರ ಐತಾರ ಹೋಗಿ ಕುಂತ್ರ ಆಗೇ ಆಗತೈತಿ. ಸಾಹೇಬ್ರು ಹೂಂ ಅಂದಾರ. ಆಮ್ಯಾಗ ನಿನಗ ಯಾರೂ ಓದಿ ಹೇಳಾದು ಬ್ಯಾಡ, ನೀನೇ ಓದಾಕಿ!”

ಅಲ್ಲಿಂದ ನಮ್ಮ ಮನೆಯ ಐತಾರಗಳು ಬದಲಾದವು. ಮೊದಲು ಐತಾರವೆಂದರೆ ಭಾನುವಾರದ ರಜೆ, ಅಪ್ಪ ಮಂಚದ ಮೇಲೆ, ಕೋಳಿ ಒಲೆಯ ಮೇಲೆ, ನಾನು ಅವನ ಕಾಲ ಬಳಿ ಕೂತು ಹಾಸ್ಟೆಲ್ಲಿನ ಕಥೆ ಹೇಳಿ ನಗಿಸುವುದು. ಈಗ ಅವನು ಐತಾರವೂ ರೊಟ್ಟಿ ಕಟ್ಟಿಸಿಕೊಂಡು ಜೀಡಿಮೆಟ್ಲಾಕ್ಕೆ ಹೋಗುತ್ತಿದ್ದ. ಸಾರು ಮೂರು ಸಲ ಕುದಿದು ಆರಿದ ಮೇಲೆ ಬರುತ್ತಿದ್ದ. ಬಂದವನು ಟೈಪು ಮಾಡಿದ ಹಾಳೆಗಳನ್ನು ಅಚ್ಚು ಹಾಕಿಸಿ ತಂದು ಪುಸ್ತಕದ ಜೊತೆ ಇಟ್ಟುಕೊಂಡು ಸಾಲು ಸಾಲಾಗಿ ತಿದ್ದುತ್ತಿದ್ದ. ಒಂದು ಒತ್ತು, ಒಂದು ದೀರ್ಘ ತಪ್ಪಿದ್ದರೂ ತನ್ನನ್ನೇ ಬೈದುಕೊಳ್ಳುತ್ತಿದ್ದ. ಕತ್ತಿನ ನೋವಿಗೆ ಅವ್ವ ಎಳ್ಳೆಣ್ಣೆ ತಿಕ್ಕುತ್ತ ಗೊಣಗುತ್ತಿದ್ದಳು. ನನಗೆ ಹೆಮ್ಮೆಯೋ ಹೆಮ್ಮೆ. ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ನಮ್ಮಪ್ಪ ನನಗೆ ಪುಸ್ತಕ ಮಾಡುತ್ತಿದ್ದಾನೆ ಎಂದು.

ದಸರೆ ಮುಗಿದ ಬೆನ್ನಿಗೇ ಪುಸ್ತಕ ಬಂತು. ಆಟೋದಿಂದ ಇಳಿಸಬೇಕಾದಷ್ಟು ದೊಡ್ಡದು, ನಾಲ್ಕು ಸಂಪುಟ. ಅಪ್ಪ ಒಳಗೆ ತರುವಷ್ಟರಲ್ಲಿ ಅವ್ವ ಅಡ್ಡ ಬಂದಳು, ಮೊದಲು ಪೂಜೆಯಾಗಬೇಕು. ಜಗಲಿಯ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮೇಲಿನ ಸಂಪುಟಕ್ಕೆ ಕಾಯಿಯ ನೀರೂ ಚಿಮುಕಿಸಿಬಿಟ್ಟಳು. ನೀರು ಬಿದ್ದರೆ ಚುಕ್ಕೆ ಹೋಗುತ್ತದೆ ಎಂದು ನಾನು ಕಿರುಚಿದೆ, ಅಪ್ಪ ಪಂಚೆಯಿಂದ ಒರೆಸಿದ. ಆಮೇಲೆ ಮೊದಲ ಸಂಪುಟವನ್ನು ನನ್ನ ತೊಡೆಯ ಮೇಲಿಟ್ಟ. ತಾನು ಅಚ್ಚಿನ ಪುಸ್ತಕ ಹಿಡಿದು ಎದುರಿಗೆ ಕೂತ.

“ಓದವ್ವ. ಮೊದಲನೇ ಪಾಠ.”

ನಾನು ಬೆರಳಿಟ್ಟೆ. ಚುಕ್ಕೆಗಳು ಚೊಕ್ಕವಾಗಿದ್ದವು, ಹೊಸ ಕಾಗದ, ಹರಿತವಾದ ಒತ್ತು. ಆದರೆ ಅಕ್ಷರಗಳು ಕೂಡಿಕೊಳ್ಳುತ್ತಿರಲಿಲ್ಲ. ಮೊದಲ ಪದದ ಶುರುವೇ “ಸಗವ”. ಮತ್ತೆ ಮುಟ್ಟಿದೆ. ಸ, ಗ, ವ. ಮುಂದಿನದು ಇನ್ನೂ ಅಧ್ವಾನ. ಪುಸ್ತಕ ತಪ್ಪಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ನಾನು ಓದುವುದನ್ನೇ ಮರೆತಿದ್ದೇನೆ ಎಂದುಕೊಂಡೆ. ಐದು ವರ್ಷ ಅಕ್ಕನ ಬಾಯಿಂದ ಓದಿಸಿಕೊಂಡು ನನ್ನ ಬೆರಳು ಸತ್ತುಹೋಗಿದೆ, ಅಪ್ಪ ಕತ್ತು ಮುರಿದುಕೊಂಡು ಮಾಡಿದ ಪುಸ್ತಕ ನನ್ನಂಥ ದಡ್ಡಿಯ ಪಾಲಾಗಿದೆ. ಸುದೈವವೋ ದುರ್ದೈವವೋ, ಇನ್‌ಸ್ಪೆಕ್ಟರ್ ಬರುತ್ತಾರೆಂದು ಟೀಚರು ಆ ಮೊದಲನೇ ಪಾಠವೊಂದನ್ನು ಕ್ಲಾಸಿನಲ್ಲಿ ನಾಲ್ಕು ಸಲ ಓದಿಸಿದ್ದರು. ನನಗದು ಬಾಯಿಪಾಠವಾಗಿತ್ತು. ನಾನು ಬೆರಳನ್ನು ಸಾಲಿನ ಮೇಲೆ ಎಳೆಯುತ್ತ ಶುರುಮಾಡಿದೆ.

“ಭಾರತದ ನದಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಬಹುದು…”

ಒಂದು ಪುಟದಷ್ಟು ಹೇಳಿದೆ. ಆಮೇಲೆ ಅಪ್ಪ ಮೂಗು ಏರಿಸಿಕೊಂಡ ಸದ್ದು. ನಾನು ಹುಟ್ಟಿದಾಗ ಕೂಡ ಅವನು ಅತ್ತಿರಲಿಲ್ಲವಂತೆ. “ಒಂದು ಅಕ್ಷರ ತಪ್ಪಿಲ್ಲ ನೋಡ, ಒಂದು ಅಕ್ಷರ!” ಎಂದು ಅವ್ವನಿಗೆ ಹೇಳಿದ. ಅವ್ವ ನನ್ನ ಬೆರಳಿಗೆ ಲಟಿಕೆ ತೆಗೆದು ದೃಷ್ಟಿ ನಿವಾಳಿಸಿದಳು. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಯಿತು.

ಎರಡು ವಾರ ನಾನು ಒಬ್ಬಳೇ ಕೂತು ಬೆರಳು ಉಜ್ಜಿದೆ. ಆಮೇಲೊಂದು ದಿನ ಟ್ರಂಕಿನ ತಳದಲ್ಲಿ ಹಾಸ್ಟೆಲ್ಲಿನ ಕಾಲದ ಒಂದು ಹಳೆಯ ತೆಲುಗು ಹಾಳೆ ಸಿಕ್ಕಿತು, ಅರ್ಧ ಚುಕ್ಕೆ ಚಪ್ಪಟೆಯಾದದ್ದು. ಅದನ್ನು ಸರಾಗವಾಗಿ ಓದಿಬಿಟ್ಟೆ. ಬೆರಳು ಸತ್ತಿರಲಿಲ್ಲ. ಪುಸ್ತಕವೇ ಸತ್ತಿತ್ತು. ನನಗೆ ಸಂತೋಷವಾಗಬೇಕಿತ್ತು, ಭಯವಾಯಿತು. ಯಾಕೆಂದರೆ ಈ ಎರಡು ವಾರದಲ್ಲಿ ಅಪ್ಪ ವಿಜ್ಞಾನದ ಪುಸ್ತಕವನ್ನೂ ಟೈಪು ಮಾಡಲು ಶುರುಮಾಡಿದ್ದ.

ಆ ಪುಸ್ತಕಕ್ಕೆ ಏನಾಗಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಕಾಲದ ಕನ್ನಡ ಫಾಂಟುಗಳಲ್ಲಿ ಅಕ್ಷರ ಕನ್ನಡದ್ದಲ್ಲ, ವೇಷ ಮಾತ್ರ ಕನ್ನಡದ್ದು. ಅಪ್ಪ ಪರದೆಯ ಮೇಲೆ ಕ ನೋಡುತ್ತಿದ್ದ, ಒಳಗೆ ಕಂಪ್ಯೂಟರ್ ಇಂಗ್ಲಿಷಿನ ಪಿ ಎಂದು ಬರೆದುಕೊಳ್ಳುತ್ತಿತ್ತು. ರ ಎಂದರೆ ಅದರ ಪಾಲಿಗೆ ಜಿ. ಬ್ರೈಲಿನಲ್ಲಿ ಪಿಗೂ ಪಕ್ಕೂ, ಜಿಗೂ ಗಕ್ಕೂ ಚುಕ್ಕೆ ಒಂದೇ. ಮ, ನ, ಲಗಳಿಗಂತೂ ಯಾವ ಬ್ರೈಲಿನಲ್ಲೂ ಇಲ್ಲದ ವಿಚಿತ್ರ ಚಿಹ್ನೆಗಳು; ಚುಕ್ಕೆ ಒತ್ತುವ ಯಂತ್ರ ಅವನ್ನು ನುಂಗಿಬಿಟ್ಟಿತ್ತು. ಹಾಗೆ ಭಾರತ ಹೋಗಿ ಸಗವ ಆಗಿತ್ತು, ಕರ್ನಾಟಕ ಹೋಗಿ ಪಲಪ. ಯಂತ್ರದ ಮುಂದೆ ಕೂತಿದ್ದ ಹುಡುಗನಿಗೆ ಕನ್ನಡ ಬಾರದು, ಬೆರಳಿನಿಂದ ಓದಲೂ ಬಾರದು. ಈಗ ನನ್ನ ಹೊಟ್ಟೆಪಾಡೇ ಇದು: ಶಾಲೆಯ ಪುಸ್ತಕಗಳು ಓದುವ ಯಂತ್ರದ ಬಾಯಲ್ಲಿ ಸರಿಯಾಗಿ ಬರುತ್ತವೋ ಇಲ್ಲವೋ ಎಂದು ಕಿವಿಗೊಟ್ಟು ಪರೀಕ್ಷಿಸುವುದು. ಇವತ್ತಿಗೂ ಯಾರಾದರೂ ಫೋನು ಮಾಡಿ, “ಮೇಡಂ, ಸ್ಕ್ರೀನ್ ಮೇಲೆ ಕರೆಕ್ಟಾಗೇ ಕಾಣ್ತಿದೆಯಲ್ಲ,” ಎಂದರೆ ನನಗೆ ತಲೆ ಕೆಟ್ಟುಹೋಗುತ್ತದೆ. ಅವರಿಗೆ ನಾನು ಬೈಯುವ ಬೈಗುಳದಲ್ಲಿ ಅರ್ಧ ಅವರಿಗೆ ಸೇರಿದ್ದಲ್ಲ.

ಆಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೇಳಬೇಕು ಎಂದು ಪ್ರತಿ ಐತಾರ ಬೆಳಿಗ್ಗೆ ನಿಶ್ಚಯ ಮಾಡುತ್ತಿದ್ದೆ. ಅಪ್ಪ ಚಪ್ಪಲಿ ಮೆಟ್ಟುವಾಗ ಬಾಗಿಲವರೆಗೆ ಹೋಗುತ್ತಿದ್ದೆ. “ಏನವ್ವ?” ಎನ್ನುತ್ತಿದ್ದ. “ಲಗೂ ಬಾ,” ಎನ್ನುತ್ತಿದ್ದೆ. ಹೇಳಿದರೆ ಅವನು ಕುಸಿಯುತ್ತಾನೆ. ಹೇಳದಿದ್ದರೆ ಮುಂದಿನ ಐತಾರವೂ ಹೋಗುತ್ತದೆ. ಒಂದು ವಾರದ ಸುಳ್ಳನ್ನು ಒಪ್ಪಿಕೊಳ್ಳಬಹುದಿತ್ತು, ಎರಡು ತಿಂಗಳ ಸುಳ್ಳಿಗೆ ಬಾಯಿ ಎಲ್ಲಿಂದ ತರುವುದು? ಆ ಕಾಗದಗಳಿಂದ ಏನಾದರೂ ಹೊರಡಿಸಲು ಹಟದಿಂದ ಕೂತೂ ನೋಡಿದೆ. ಸಗವ ಪದೇ ಪದೇ ಬರುತ್ತಿತ್ತು, ಅದು ಭಾರತವೇ ಇರಬೇಕೆಂದು ಊಹಿಸಿದೆ. ಹತ್ತು ಹನ್ನೆರಡು ಪದ ಹಾಗೆ ಸಿಕ್ಕವು. ಉಳಿದದ್ದಕ್ಕೆ ಅರ್ಧ ಅಕ್ಷರಗಳೇ ಇರಲಿಲ್ಲ. ಹುಚ್ಚು ಹಿಡಿದವಳಂತೆ ಪುಟ ತಿರುವಿ ಅಳುತ್ತಿದ್ದೆ, ಅವ್ವ ಬಂದಳೆಂದರೆ ಅದೇ ಕಣ್ಣೀರಿನಲ್ಲಿ ಬೆರಳಾಡಿಸುತ್ತ ಓದುವವಳಂತೆ ತುಟಿ ಅಲ್ಲಾಡಿಸುತ್ತಿದ್ದೆ. ಶಾಲೆಯಲ್ಲಿ ಗೆಳತಿಯರನ್ನು ಕೇಳುವಂತೆಯೂ ಇರಲಿಲ್ಲ. “ನಿನಗೇನವ್ವಾ, ನಿಮ್ಮಪ್ಪ ಪುಸ್ತಕ ಮಾಡಿಕೊಟ್ಟಾನಲ್ಲ,” ಎಂದು ಅವರು ಓದಿ ಹೇಳುವುದನ್ನು ಬಿಟ್ಟಿದ್ದರು. ಟೀಚರೂ ಅಷ್ಟೇ. ಪುಸ್ತಕವಿಲ್ಲದಾಗ ಇದ್ದ ಅಷ್ಟಿಷ್ಟು ದಯೆಯೂ ಪುಸ್ತಕ ಬಂದ ಮೇಲೆ ನಿಂತುಹೋಗಿತ್ತು.

ಇನ್ನು ಅವ್ವ. ಅವಳಿಗೆ ಆ ಪುಸ್ತಕದ ಮೇಲೆ ವಿಪರೀತ ಪ್ರೀತಿ ಹುಟ್ಟಿತ್ತು. ತನ್ನಂತೆಯೇ ಅಚ್ಚಿನ ಅಕ್ಷರ ಕಾಣದ ಮಗಳು ಓದುತ್ತಾಳೆ ಎಂಬುದು ಅವಳಿಗೆ ದೊಡ್ಡ ಸಂಗತಿ. ಹಿಟ್ಟು ನಾದುತ್ತ, “ನನಗೂ ಒಂದೀಟು ಓದಿ ಹೇಳ,” ಎನ್ನುತ್ತಿದ್ದಳು. ನಾನು ಬೆರಳಾಡಿಸಿ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಕೃಷ್ಣಾ ನದಿ ಸುರಪುರದ ಸೀಮೆಗೆ ಬಂದಾಗ ನಿಧಾನವಾಗಿ ಹರಿಯುತ್ತದೆ, ಅಲ್ಲಿಯ ಹೆಣ್ಣುಮಕ್ಕಳು ತುಂಬ ಗಟ್ಟಿಗರು ಎಂದು ಪುಸ್ತಕದಲ್ಲಿದೆ ಎಂದೆ. ತನ್ನ ತವರು ಪುಸ್ತಕದಲ್ಲಿ ಬಂದಿದೆ ಎಂದು ಅವ್ವ ಸಾಲಿನ ಮನೆಗಳಿಗೆಲ್ಲ ಹೇಳಿಬಂದಳು. ಅವಳು ನಂಬಿದಷ್ಟೂ ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಒಂದು ದಿನ ಸಣ್ಣ ಮಾತಿಗೆ ಹಿಟ್ಟಿನ ಪರಾತವನ್ನೇ ಒದ್ದೆ. ಅವ್ವ ಹೊಡೆಯಲಿಲ್ಲ, “ಓದಿ ಓದಿ ಹುಡುಗಿಗೆ ಉಷ್ಣ ಆಗೈತಿ,” ಎಂದು ತಲೆಗೆ ಎಣ್ಣೆ ಒತ್ತಿದಳು.

ಶಿವರಾತ್ರಿ ಕಳೆದ ಮೊದಲ ಐತಾರ. ಪರೀಕ್ಷೆಗೆ ಇನ್ನು ಮೂರು ವಾರವೂ ಇರಲಿಲ್ಲ. ವಿಜ್ಞಾನದ ಟೈಪು ಮುಗಿದಿತ್ತು, ಫ್ಲಾಪಿ ಕೊಡಬೇಕಿತ್ತು. ಅಪ್ಪ ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿದ. ನನಗೆ ಬೆರಳು ಕೊಟ್ಟ ಗುರು ಈ ಪುಸ್ತಕ ನೋಡದಿದ್ದರೆ ಹೇಗೆ ಎಂದು ರಾಜಯ್ಯ ಮಾಸ್ಟರನ್ನು ಊಟಕ್ಕೆ ಕರೆದುಕೊಂಡು ಬಂದ. ಅವರ ಕೋಲಿನ ಸದ್ದು ಹೊಸ್ತಿಲಿಗೆ ತಗುಲಿದಾಗಲೇ ನನಗೆ ಗೊತ್ತಾಯಿತು, ಇವತ್ತು ನನ್ನ ಕಥೆ ಮುಗಿಯಿತೆಂದು. ಆ ಊಟದ ರುಚಿ ನನಗೆ ನೆನಪಿಲ್ಲ. ಮಾಸ್ಟರು ಪುಂಡಿಪಲ್ಯವನ್ನು ಎರಡೆರಡು ಸಲ ಹಾಕಿಸಿಕೊಂಡರು, ಇದು ನಮ್ಮ ಗೋಂಗೂರವೇ ಎಂದು ನಕ್ಕರು, ಅಪ್ಪ ತೆಲುಗಿನಲ್ಲಿ ತನ್ನ ಐತಾರಗಳ ಕಥೆಯನ್ನೆಲ್ಲ ಹೇಳಿದ. ಕೈತೊಳೆದ ಮೇಲೆ ಪುಸ್ತಕ ಬಂತು. ಅಪ್ಪ ಎರಡನೇ ಸಂಪುಟವನ್ನು ಮಾಸ್ಟರ ತೊಡೆಯ ಮೇಲಿಟ್ಟ. ಅವರು ನಡುವಿನ ಒಂದು ಪುಟ ತೆರೆದರು. ನಾನು ಅವರ ಪಕ್ಕಕ್ಕೇ ಕೂತಿದ್ದೆ, ಅವರ ಬೆರಳು ಕಾಗದದ ಮೇಲೆ ಸರಿಯುವ ಸದ್ದು ಕೇಳುತ್ತಿತ್ತು. ಅದು ಒಂದು ಸಾಲು ಹೋಯಿತು, ನಿಂತಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು.

“ಇದಿ ಏ ಭಾಷ?” ಎಂದರು ಮೆಲ್ಲಗೆ.

“ಕನ್ನಡ, ಮಾಸ್ಟರ್‌ಗಾರು!” ಅಪ್ಪನ ದನಿಯಲ್ಲಿ ನಗು ಇತ್ತು.

ಮಾಸ್ಟರಿಗೆ ಕನ್ನಡ ಬಾರದು, ಆದರೆ ಚುಕ್ಕೆ ಒಂದೇ ಆದ್ದರಿಂದ ಉಚ್ಚಾರ ಅವರಿಗೆ ಸಿಗಬೇಕಿತ್ತು. ಆಮೇಲೆ ನನ್ನ ಕೈ ಹುಡುಕಿ ಹಿಡಿದು ಪುಟದ ಮೇಲಿಟ್ಟರು. “ಚದುವಮ್ಮಾ,” ಎಂದರು, ಓದು ಎಂದು. ಅವರ ಬೆರಳು ನನ್ನ ಬೆರಳಿನ ಪಕ್ಕದಲ್ಲೇ ಇತ್ತು. ನಾನು ಅಲ್ಲಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

“ಭಾರತದ ನದಿಗಳನ್ನು ಎರಡು ಗುಂಪುಗಳಾಗಿ…”

“ತಡಿ, ತಡಿ,” ಎಂದ ಅಪ್ಪ. ಅವನ ಕೈಯಲ್ಲಿ ಅಚ್ಚಿನ ಹಾಳೆಗಳಿದ್ದವು. “ಅದು ಮೊದಲನೇ ಪಾಠ ಅಲ್ಲೇನ? ಮಾಸ್ಟರ್ ತಗದದ್ದು ಎರಡನೇ ಭಾಗದ್ದು. ಇಲ್ಲಿ ನದಿ ಎಲ್ಲಿ ಬಂದ್ವು?”

ಮಾಸ್ಟರು ನನ್ನ ಕೈ ಬಿಡದೆ ಅಪ್ಪನಿಗೆ ಹೇಳಿದರು, ಇದರಲ್ಲಿ ಭಾಷೆಯೇ ಇಲ್ಲ, ಕನ್ನಡವೂ ಅಲ್ಲ ತೆಲುಗೂ ಅಲ್ಲ, ಬರೀ ಚುಕ್ಕೆ ಎಂದು. ಅಪ್ಪನಿಗೆ ಅದು ಒಳಗಿಳಿಯಲಿಲ್ಲ. ಅವನು ಎದ್ದು ಅಚ್ಚಿನ ಹಾಳೆಗಳ ಕಟ್ಟು ಪೂರ್ತಿ ತಂದ. ತೆಲುಗು ಮರೆತು ಕನ್ನಡಕ್ಕೇ ಬಂದಿದ್ದ.

“ನೋಡ್ರಿ ಮಾಸ್ಟರ್, ನೋಡ್ರಿ! ಒಂದೊಂದು ಸಾಲು ತಿದ್ದೀನ್ರಿ ನಾ. ಎಲ್ಲಿ ತಪ್ಪೈತಿ ತೋರಸ್ರಿ. ಏ ಮಾದೇವಿ, ನೀನರ ನೋಡ, ಎಷ್ಟು ಚಂದ ಬಂದೈತಿ!”

ಹಾಳೆಗಳು ನನ್ನ ಮುಖದ ಮುಂದೆ ಪಟಪಟ ಎಂದವು. ಇಬ್ಬರು ಕುರುಡರ ಮುಂದೆ ನಿಂತು ನೋಡ್ರಿ ನೋಡ್ರಿ ಎನ್ನುತ್ತಿದ್ದಾನೆ ಎಂದು ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದಾಗ ಹಾಳೆಗಳ ಸದ್ದು ನಿಂತಿತು.

“ನೀಕು ತೆಲುಸಾ? ಎಪ್ಪಟಿನುಂಚಿ?” ನನಗೆ ಇದು ಗೊತ್ತಿತ್ತೇ, ಯಾವಾಗಿನಿಂದ ಎಂದು ಮಾಸ್ಟರು ಕೇಳಿದರು.

ಮೊದಲ ದಿನದಿಂದಲೇ ಓದಲಾಗಿರಲಿಲ್ಲ ಎಂದು ತೆಲುಗಿನಲ್ಲೇ ಹೇಳಿದೆ. ಕನ್ನಡದಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ಅಪ್ಪನಿಗೆ ಎರಡೂ ಬರುತ್ತಿದ್ದವು. ಒಲೆಯ ಕಡೆಯಿಂದ ಅವ್ವನ ದನಿ ಮಾತ್ರ ಕೇಳಿತು: “ಮತ್ತ ನನಗ ಓದಿ ಹೇಳಿದ್ದು? ಕೃಷ್ಣಾ ಹೊಳಿ?” ಮಾಸ್ಟರನ್ನು ಬಸ್ಸು ಹತ್ತಿಸಲು ಹೋದ ಅಪ್ಪ ಸಂಜೆಯಾದರೂ ಬರಲಿಲ್ಲ. ಬಂದವನು ನೀರು ಕುಡಿದು ಮಲಗಿದ. ಅವನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಮರುದಿನ ಒಂದು ತಾಸು ಮೊದಲೇ ಎದ್ದು ನನ್ನನ್ನೂ ಎಬ್ಬಿಸಿ ಪುಸ್ತಕ ತೆರೆದು ಓದತೊಡಗಿದ. ಪ್ರತಿದಿನ ಹಾಗೆ, ಬಸ್ಸಿಗೆ ಹೊತ್ತಾಗುವವರೆಗೆ. ಅವನು ಓದುವ ರೀತಿಯಲ್ಲಿ ತಪ್ಪಿರಲಿಲ್ಲ, ಆದರೆ ಓದುವುದು ಬಿಟ್ಟು ನನ್ನ ಜೊತೆ ಬೇರೆ ಒಂದು ಮಾತೂ ಆಡುತ್ತಿರಲಿಲ್ಲ. ನಾನು ಕೇಳಿದ್ದನ್ನೆಲ್ಲ ತಲೆಯೊಳಗೆ ತುರುಕಿಕೊಂಡೆ. ನಾಲ್ಕು ಪಾಠ ಮುಗಿಯುವಷ್ಟರಲ್ಲಿ ಪರೀಕ್ಷೆ ಬಂತು. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ನನ್ನ ಪರವಾಗಿ ಬರೆಯಲು ಕೂತಿದ್ದಳು. ಅವಳು ಪ್ರಶ್ನೆ ಓದುತ್ತಿದ್ದಳು, ನಾನು ಮುಂದಿನದು ಓದು ಎನ್ನುತ್ತಿದ್ದೆ. ಕೊನೆಗೆ ಮುಂದಿನದು ಉಳಿಯಲಿಲ್ಲ.

ಸಮಾಜ ವಿಜ್ಞಾನ ಒಂದರಲ್ಲೇ ಹೋಯಿತು. ಹೆಡ್‌ಮಾಸ್ಟರು ಹೇಳಿದಂತೆ ನಡೆದುಕೊಂಡರು. ಅತ್ತೆಯ ಕಾಗದ ಬಂತು, ಹುಣಸೆ ಸುಗ್ಗಿ ಇನ್ನೂ ಮುಗಿದಿಲ್ಲ, ಕಳಿಸು ಎಂದು. ಅವ್ವ ಅಳುತ್ತಲೇ ಶೇಂಗಾ ಹಿಂಡಿ ಕುಟ್ಟಿದಳು, ನನ್ನ ಎರಡು ಜೊತೆ ಬಟ್ಟೆ ಮಡಚಿದಳು. ಮುಂದೆ ಸುರಪುರದಲ್ಲಿ ಕಳೆದ ಎರಡು ವರ್ಷ, ಅಲ್ಲಿಂದ ಹೊರಬಂದದ್ದು, ಅದು ಬೇರೆಯೇ ಸಂಗತಿ.

ಅಪ್ಪ ನನ್ನನ್ನು ಬಿಟ್ಟುಬರಲು ಜೊತೆಗೆ ಬಂದ. ಬೆಳಗಿನ ಬಸ್ಸು. ಕಿಟಕಿಯ ಬಳಿ ನನ್ನನ್ನು ಕೂಡಿಸಿ ತಾನು ಪಕ್ಕದಲ್ಲಿ ಕೂತ. ನಾನು ಒಂದು ಕೈಯನ್ನು ಅವನ ಮೊಣಕಾಲಿನ ಮೇಲಿಟ್ಟೆ, ಅವನು ತೆಗೆಯಲಿಲ್ಲ. ಬಸ್ಸು ಊರು ದಾಟಿ, ವಾಹನಗಳ ಗದ್ದಲ ಕಡಿಮೆಯಾದ ಮೇಲೆ ಅವನು ಕೇಳಿದ.

“ದಸರಾದಿಂದ ಶಿವರಾತ್ರಿ ತನಕ ಎಷ್ಟು ಐತಾರ ಬಂದ್ವು, ಗೊತ್ತೇನ ನಿನಗ?”

ನಾನು ಬೆರಳು ಮಡಚಿ ಎಣಿಸತೊಡಗಿದೆ.

“ನೀ ಮೊದಲನೇ ದಿನ ಹೇಳಿದ್ದಿ ಅಂದ್ರ, ನಾ ವಿಜ್ಞಾನ ಟೈಪ್ ಮಾಡಾಕ ಹೋಗ್ತಿರಲಿಲ್ಲವ್ವ. ಅಷ್ಟೂ ಐತಾರ ಮನ್ಯಾಗ ನಿನ್ನ ಮಗ್ಗಲಕ ಕುಂತು ಓದ್ತಿದ್ದೆ. ಪುಸ್ತಕ ಎರಡು ಸರ್ತಿ ಮುಗೀತಿತ್ತು.”

ಸಿಟ್ಟಿನಿಂದ ಹೇಳಿದ್ದರೆ ನಾನು ಅವನೊಡನೆ ಜಗಳವಾಡುತ್ತಿದ್ದೆ. ಅವನು ಸಿಟ್ಟಾಗಿರಲಿಲ್ಲ.